ವೀಳ್ಯದೆಲೆಯ ಎಣ್ಣೆಯಲ್ಲಿ ಸಿಕ್ಕಿದ್ದು ಯೂಜೆನಾಲ್ ಅಲ್ಲ: ಒಂದು ಪ್ರಕರಣ

ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿ ಒಂದು ಪುಟ್ಟ ಗಾಜಿನ ಸೀಸೆ ಇದೆ. ಅದರ ಚೀಟಿಯ ಮೇಲೆ ಮೊದಲು ‘ಯೂಜೆನಾಲ್’ (ಲವಂಗಕ್ಕೆ ಅದರ ವಾಸನೆ ಕೊಡುವ ವಸ್ತು) ಅಂತ ಬರೆದು, ಆಮೇಲೆ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕೊನೆಗೆ ಎರಡನ್ನೂ ಹೊಡೆದು ಕೆಳಗೆ ಬೇರೆ ಹೆಸರು ಬರೆಯಲಾಗಿದೆ. ಆ ಚೀಟಿಯ ಕಥೆಯೇ ಇದು. ತಪ್ಪು ಮಾಡಿದ್ದರಲ್ಲಿ ನನ್ನ ಪಾಲೂ ಇದೆ, ಹಾಗಾಗಿ ಮುಚ್ಚಿಡದೆ ಬರೆಯುತ್ತೇನೆ.

ಎಂಎಸ್ಸಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಬ್ಬ ಹುಡುಗಿ ವೀಳ್ಯದೆಲೆ ತಗೊಂಡಿದ್ದಳು. ಮಾರ್ಕೆಟ್ಟಿನ ಎಲೆ ಅಂಗಡಿಯಿಂದ ಕಟ್ಟುಗಟ್ಟಲೆ ಎಲೆ ತಂದು, ತೊಳೆದು, ಸಣ್ಣಗೆ ಹೆಚ್ಚಿ, ಕ್ಲೆವೆಂಜರ್ ಅನ್ನುವ ಬಟ್ಟಿ ಇಳಿಸುವ ಗಾಜಿನ ಉಪಕರಣದಲ್ಲಿ ನೀರಿನ ಜೊತೆ ಕುದಿಸಿ ಎಣ್ಣೆ ತೆಗೆದಳು. ಮೂರು ಕಿಲೋ ಎಲೆಗೆ ಬಂದ ಎಣ್ಣೆ ನಾಲ್ಕು ಮಿಲಿ ಕೂಡ ಇಲ್ಲ. ಅದನ್ನು ಈಥರ್‌ನಲ್ಲಿ ಕರಗಿಸಿ 5% ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕುಲುಕಿದರೆ ಫಿನಾಲ್‌ಗಳು (ಬೆಂಜೀನ್ ಉಂಗುರಕ್ಕೆ ನೇರ ಓಎಚ್ ಅಂಟಿದ ವಸ್ತುಗಳು) ಮಾತ್ರ ನೀರಿನ ಪದರಕ್ಕೆ ಇಳಿಯುತ್ತವೆ. ಆ ಪದರಕ್ಕೆ ಆಸಿಡ್ ಹಾಕಿ, ಮತ್ತೆ ಈಥರ್‌ಗೆ ಎಳೆದು, ವಸ್ತುಗಳನ್ನು ಬೇರೆ ಬೇರೆ ಮಾಡಲು ಸಿಲಿಕಾ ಕಾಲಂ ಹಾಕಿದಳು. ಕೊನೆಗೆ ಕೈಗೆ ಬಂದದ್ದು ತಿಳಿ ಹಳದಿ ಬಣ್ಣದ ಎಣ್ಣೆಯಂಥ ದ್ರವ. ಟಿಎಲ್‌ಸಿಯಲ್ಲಿ (ತಟ್ಟೆಯ ಮೇಲಿನ ತೆಳು ಪದರದಲ್ಲಿ ವಸ್ತುಗಳನ್ನು ಬೇರೆ ಮಾಡಿ ನೋಡುವ ಪರೀಕ್ಷೆ) ಒಂದೇ ಚುಕ್ಕೆ. ಫೆರಿಕ್ ಕ್ಲೋರೈಡ್ ಹಾಕಿದರೆ ಬಣ್ಣ ಬಂತು, ಅಂದರೆ ಫಿನಾಲ್ ಹೌದು.

ಮುಚ್ಚಳ ತೆಗೆದು ಮೂಸಿದವಳೇ ‘ಮೇಡಂ, ಲವಂಗ!’ ಅಂದಳು. ನಾನೂ ಮೂಸಿದೆ. ಹೌದು, ಲವಂಗದ ಹಾಗೇ ಇತ್ತು. ಬೀಡಾ ಕಟ್ಟಿ ಮೇಲೆ ಲವಂಗ ಚುಚ್ಚುವುದನ್ನು ಚಿಕ್ಕಂದಿನಿಂದ ನೋಡಿದ ಮೂಗಿಗೆ ಈ ಎರಡು ವಾಸನೆ ಬೇರೆ ಬೇರೆ ಅಂತ ಅನಿಸುವುದಾದರೂ ಹೇಗೆ ಹೇಳಿ. ಅಲ್ಲಿಗೆ ನಮ್ಮಿಬ್ಬರ ತಲೆಯಲ್ಲೂ ಯೂಜೆನಾಲ್ ಕೂತುಬಿಟ್ಟಿತು. ಅನ್‌ನೋನ್ (ಏನೆಂದು ಗೊತ್ತಿಲ್ಲದ ವಸ್ತು) ಬಿಡಿಸುವಾಗ ಹೀಗೆ ಉತ್ತರ ಮೊದಲೇ ಬಂದು ಕೂತರೆ, ಆಮೇಲೆ ಬರುವ ಡೇಟಾ ಎಲ್ಲ ಅದಕ್ಕೆ ತಲೆದೂಗುತ್ತಲೇ ಹೋಗುತ್ತದೆ.

ತಲೆದೂಗಿತು ಕೂಡ. ಜಿಸಿ-ಎಂಎಸ್ (ಮಿಶ್ರಣದ ವಸ್ತುಗಳನ್ನು ಬೇರೆ ಮಾಡಿ ಪ್ರತಿಯೊಂದರ ಅಣುವನ್ನು ಒಡೆದು ಚೂರುಗಳ ತೂಕ ನೋಡುವ ಪರೀಕ್ಷೆ) ಮಾಡಿಸಿದೆವು. ದೊಡ್ಡ ಪೀಕ್ ಒಂದು, ಅದರ ಪಕ್ಕಕ್ಕೆ ಅಂಟಿಕೊಂಡ ಹಾಗೆ ಒಂದು ಸಣ್ಣ ಉಬ್ಬು. ದೊಡ್ಡದರ ಮಾಸ್ ಸ್ಪೆಕ್ಟ್ರಂನಲ್ಲಿ 164 ಎಲ್ಲಕ್ಕಿಂತ ಎತ್ತರ, ಅದೇ ಅಣುವಿನ ತೂಕ. ಆಮೇಲೆ 149, ಅಂದರೆ ಮೀಥೈಲ್ ಕಳಚಿಕೊಂಡಿದೆ. 131, 103, 77 ಎಲ್ಲ ಇವೆ. ಕಂಪ್ಯೂಟರಿನ ಲೈಬ್ರರಿ ಸಾವಿರಕ್ಕೆ ಒಂಬೈನೂರು ಚಿಲ್ಲರೆ ಅಂಕ ಕೊಟ್ಟು ‘ಯೂಜೆನಾಲ್’ ಅಂತ ತೋರಿಸಿತು. ಹುಡುಗಿ ಅದರ ಪ್ರಿಂಟ್ ತೆಗೆದು ರೆಕಾರ್ಡಿಗೆ ಅಂಟಿಸಿದಳು. ನಾನು ಕೆಳಗೆ ಸಹಿ ಹಾಕಿದೆ. ಚೀಟಿಯ ಮೇಲೆ ಮೊದಲ ಹೆಸರು ಬಿದ್ದದ್ದು ಆವತ್ತೇ.

ಅದೇ ಪುಟದಲ್ಲಿ ಲೈಬ್ರರಿ ಕೊಟ್ಟ ಎರಡನೇ ಹೆಸರು, ಮೂರನೇ ಹೆಸರೂ ಇದ್ದವು. ಅವುಗಳ ಅಂಕಕ್ಕೂ ಮೊದಲನೆಯದಕ್ಕೂ ಹತ್ತಿಪ್ಪತ್ತರ ವ್ಯತ್ಯಾಸ ಅಷ್ಟೆ. ಎರಡನೆಯದು ಚಾವಿಬೆಟಾಲ್, ಮೂರನೆಯದು ಐಸೊಯೂಜೆನಾಲ್. ಆವತ್ತು ನಾವು ಆ ಸಾಲುಗಳನ್ನು ಓದಲೇ ಇಲ್ಲ.

ಸರಿ, ಈಗ ಏನೂ ಗೊತ್ತಿಲ್ಲ ಅಂದುಕೊಂಡು ಮೊದಲಿಂದ ಬಿಡಿಸೋಣ. 164 ಅನ್ನುವ ತೂಕಕ್ಕೆ ಹಲವು ಸೂತ್ರ ಹೊಂದುತ್ತವೆ: ಸಿ10ಎಚ್12ಒ2, ಸಿ9ಎಚ್8ಒ3, ಸಿ11ಎಚ್16ಒ. ಪೂರ್ಣಾಂಕದಲ್ಲಿ ಮೂರೂ ಒಂದೇ. ಹೈ ರೆಸಲ್ಯೂಷನ್ ಮಾಸ್‌ನಲ್ಲಿ ಬೇರೆಯಾಗುತ್ತವೆ. ಫಿನಾಲ್ ಆದ್ದರಿಂದ ನೆಗೆಟಿವ್ ಮೋಡ್‌ನಲ್ಲಿ ಒಂದು ಪ್ರೋಟಾನ್ ಬಿಟ್ಟುಕೊಟ್ಟು ಸುಲಭವಾಗಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದಾದರೆ 163.0765, ಎರಡನೆಯದಾದರೆ 163.0401, ಮೂರನೆಯದಾದರೆ 163.1128 ಬರಬೇಕು. ನಮಗೆ ಬಂದದ್ದು ಮೊದಲನೆಯದಕ್ಕೆ ಕೂತಿತು. ಹತ್ತು ಕಾರ್ಬನ್, ಹನ್ನೆರಡು ಹೈಡ್ರೋಜನ್, ಎರಡು ಆಕ್ಸಿಜನ್. ಅಪರ್ಯಾಪ್ತತೆ (ಉಂಗುರಗಳು ಮತ್ತು ಡಬಲ್ ಬಾಂಡ್‌ಗಳು ಒಟ್ಟು ಎಷ್ಟು ಅನ್ನುವ ಎಣಿಕೆ) ಲೆಕ್ಕ ಹಾಕಿದರೆ ಐದು. ಬೆಂಜೀನ್ ಉಂಗುರಕ್ಕೆ ನಾಲ್ಕು ಹೋಯಿತು, ಉಳಿದದ್ದು ಒಂದು.

ಆ ಒಂದು ಕಾರ್ಬೊನಿಲ್ಲೋ ಡಬಲ್ ಬಾಂಡೋ? ಇದಕ್ಕೆ ಐಆರ್ (ಇನ್‌ಫ್ರಾರೆಡ್ ಸ್ಪೆಕ್ಟ್ರಂ) ಒಂದೇ ನೋಟದಲ್ಲಿ ಉತ್ತರ ಕೊಟ್ಟಿತು. 1700ರ ಸುತ್ತ ಏನೂ ಇಲ್ಲ, ಖಾಲಿ ಮೈದಾನ. 1638ರಲ್ಲಿ ಚಿಕ್ಕದೊಂದು ಪಟ್ಟಿ, ಕೆಳಗೆ 995 ಮತ್ತು 915ರ ಹತ್ತಿರ ಒಂದು ಜೋಡಿ. ಈ ಜೋಡಿ ಕಂಡರೆ ತುದಿಯಲ್ಲಿ ಸಿಎಚ್2 ಇರುವ ಡಬಲ್ ಬಾಂಡ್ ಇದೆ ಅಂತ ಅರ್ಥ. 3500ರ ಹತ್ತಿರದ ಓಎಚ್ ಪಟ್ಟಿ ಮಾಮೂಲಿ ಫಿನಾಲ್‌ನ ಹಾಗೆ ಅಗಲವಾಗಿ ಜೋತುಬಿದ್ದಿರಲಿಲ್ಲ, ಸ್ವಲ್ಪ ಚೂಪಾಗಿತ್ತು. ಪಕ್ಕದಲ್ಲೇ ಇರುವ ಮೆಥಾಕ್ಸಿಗೆ (ಓಸಿಎಚ್3 ಗುಂಪಿಗೆ) ಓಎಚ್ ವಾಲಿಕೊಂಡಾಗ ಹೀಗಾಗುತ್ತದೆ. ಐಆರ್‌ನಿಂದ ಇದಕ್ಕಿಂತ ಜಾಸ್ತಿ ಕೇಳಬಾರದು. ಬೆರಳಚ್ಚಿನ ಭಾಗ ನೋಡಿ ಇಂಥದ್ದೇ ವಸ್ತು ಅನ್ನುವುದಕ್ಕೆ ಪಕ್ಕದಲ್ಲಿ ಅಸಲಿ ವಸ್ತುವಿನ ಸ್ಪೆಕ್ಟ್ರಂ ಇರಬೇಕು.

ಅಣುವಿನ ಹೈಡ್ರೋಜನ್, ಕಾರ್ಬನ್‌ಗಳು ಎಂಥ ನೆರೆಹೊರೆಯಲ್ಲಿವೆ ಅಂತ ಪೀಕ್‌ಗಳಲ್ಲಿ ತೋರಿಸುವ ಎನ್‌ಎಂಆರ್ ನಮ್ಮ ಕಾಲೇಜಿನಲ್ಲಿಲ್ಲ. ಸ್ಯಾಂಪಲ್ಲನ್ನು ಬೇರೆ ಕಡೆಯ ಉಪಕರಣ ಕೇಂದ್ರಕ್ಕೆ ಕಳಿಸಿ ಕಾಯಬೇಕು. ಹತ್ತು ದಿನದ ಮೇಲೆ 400 ಮೆಗಾಹರ್ಟ್ಸ್‌ನ ಪ್ರೋಟಾನ್ ಸ್ಪೆಕ್ಟ್ರಂ ಬಂತು. ಪೀಕ್‌ಗಳ ಜಾಗ ಹೇಳುವ ಈ ಅಂಕಿಗಳೆಲ್ಲ ಪಿಪಿಎಂನಲ್ಲಿ, ಪ್ರೋಟಾನ್ ಅಂದರೆ ಇಲ್ಲಿ ಹೈಡ್ರೋಜನ್. 3.87ರಲ್ಲಿ ಮೂರು ಪ್ರೋಟಾನಿನ ಸಿಂಗ್ಲೆಟ್ (ಒಂಟಿ ಗೆರೆ), ಅದು ಮೆಥಾಕ್ಸಿ. 3.30ರಲ್ಲಿ ಎರಡು ಪ್ರೋಟಾನಿನ ಡಬ್ಲೆಟ್ (ಎರಡಾಗಿ ಸೀಳಿದ ಗೆರೆ). 5.06ರ ಸುತ್ತ ಎರಡು, 5.93ರಲ್ಲಿ ಹತ್ತಾರು ಗೆರೆಗಳ ಗೋಜಲಿನಲ್ಲಿ ಒಂದು. ಈ ಮೂರೂ ಸೇರಿದರೆ ಅಲೈಲ್ ಗುಂಪು, ಅಂದರೆ ತುದಿಯಲ್ಲಿ ಡಬಲ್ ಬಾಂಡ್ ಇರುವ ಮೂರು ಕಾರ್ಬನ್ನಿನ ಬಾಲ. ಐಸೊಯೂಜೆನಾಲ್ ಆಗಿದ್ದರೆ 1.9ರ ಹತ್ತಿರ ಮೀಥೈಲ್ ಡಬ್ಲೆಟ್ ಇರಬೇಕಿತ್ತು, ಇಲ್ಲ, ಹಾಗಾಗಿ ಅದು ಔಟ್. 5.58ರ ಒಂಟಿ ಪೀಕ್ ಟ್ಯೂಬಿಗೆ ಒಂದು ತೊಟ್ಟು ಭಾರಜಲ ಹಾಕಿ ಕುಲುಕಿದರೆ ಮಾಯವಾಯಿತು, ಅದು ಓಎಚ್. ಉಂಗುರದ ಮೇಲೆ ಮೂರು ಪ್ರೋಟಾನ್. 6.67ರಲ್ಲಿ 8 ಮತ್ತು 2 ಹರ್ಟ್ಸ್‌ನ ಡಬಲ್ ಡಬ್ಲೆಟ್ ಒಂದು, 6.78ರ ಆಸುಪಾಸಿನಲ್ಲಿ ಎರಡು ಡಬ್ಲೆಟ್ ಒಂದರ ಮೇಲೊಂದು ಬಿದ್ದಿವೆ.

ಈ ಮೂರರ ವಿನ್ಯಾಸದಿಂದ ಉಂಗುರದ ಮೇಲೆ ಗುಂಪುಗಳು 1, 2, 4ರಲ್ಲಿವೆ ಅಂತ ಗೊತ್ತಾಯಿತು. ಗುಂಪುಗಳು ಮೂರೂ ಸಾಲಾಗಿ ಕೂತಿದ್ದರೆ 2 ಹರ್ಟ್ಸ್‌ನ ಒಂಟಿ ಡಬ್ಲೆಟ್ ಬರುತ್ತಿರಲಿಲ್ಲ. ಎರಡು ಆಕ್ಸಿಜನ್ ಪಕ್ಕಪಕ್ಕದಲ್ಲೇ ಇವೆ ಅನ್ನುವುದು ಕಾರ್ಬನ್ ಸ್ಪೆಕ್ಟ್ರಂನಿಂದ ಖಾತ್ರಿಯಾಯಿತು. ಆಕ್ಸಿಜನ್ ಹೊತ್ತ ಎರಡೂ ಕಾರ್ಬನ್ 145ರ ಹತ್ತಿರ ಬಂದಿದ್ದವು. ಒಂದು ಬಿಟ್ಟು ಒಂದರಲ್ಲಿ ಆಕ್ಸಿಜನ್ ಇದ್ದಿದ್ದರೆ 155ರಿಂದ ಮೇಲೆ, ಎದುರುಬದುರು ಇದ್ದಿದ್ದರೆ 150ರ ಸುತ್ತ ಬರಬೇಕಿತ್ತು. ಪಕ್ಕದಲ್ಲಿದ್ದಾಗ ಒಂದನ್ನೊಂದು ಕೆಳಗೆ ಎಳೆಯುತ್ತವೆ.

ಅಲ್ಲಿಗೆ ಉಳಿದದ್ದು ಎರಡೇ ರಚನೆ. ಅಲೈಲ್‌ಗೆ ನೇರ ಎದುರು ಓಎಚ್ ಇದ್ದು ಪಕ್ಕದಲ್ಲಿ ಮೆಥಾಕ್ಸಿ ಇದ್ದರೆ ಯೂಜೆನಾಲ್. ಎದುರು ಮೆಥಾಕ್ಸಿ ಇದ್ದು ಪಕ್ಕದಲ್ಲಿ ಓಎಚ್ ಇದ್ದರೆ ಚಾವಿಬೆಟಾಲ್. ಎರಡು ಕುರ್ಚಿ, ಕೂತವರಿಬ್ಬರು ಜಾಗ ಬದಲಾಯಿಸಿಕೊಂಡಿದ್ದಾರೆ, ಅಷ್ಟೆ. ಮಾಸ್ ಸ್ಪೆಕ್ಟ್ರೋಮೀಟರಿಗೆ ಇದು ಕಾಣುವುದಿಲ್ಲ, ಯಾಕಂದರೆ 70 ಎಲೆಕ್ಟ್ರಾನ್ ವೋಲ್ಟ್‌ನ ಹೊಡೆತಕ್ಕೆ ಎರಡೂ ಅದೇ ಮೀಥೈಲ್ ಕಳಚುತ್ತವೆ, ಅದೇ ಚೂರುಗಳಾಗುತ್ತವೆ. ಲೈಬ್ರರಿಯ ಅಂಕಕ್ಕೆ ಈ ಜಾಗದಲ್ಲಿ ಬೆಲೆಯೇ ಇಲ್ಲ.

ನಾನು ಇದನ್ನೆಲ್ಲ ಈಗ ನೀಟಾಗಿ ಬರೆಯುತ್ತಿದ್ದೇನೆ. ಆವತ್ತು ಹಾಗೇನೂ ಯೋಚನೆ ಮಾಡಲಿಲ್ಲ. ಪ್ರೋಟಾನ್ ಸ್ಪೆಕ್ಟ್ರಂ ನೋಡಿ ‘ಯೂಜೆನಾಲ್ ತಾನೆ, ಸರಿ ಇದೆ’ ಅಂದೆ. ಅನುಮಾನ ಬಂದದ್ದು ಹುಡುಗಿಗೆ. ಅವಳು ಕಾರ್ಬನ್ ಸ್ಪೆಕ್ಟ್ರಂನ ಪೀಕ್‌ಗಳನ್ನು ಟೇಬಲ್ ಮಾಡಿ, ಪಕ್ಕದ ಕಾಲಂನಲ್ಲಿ ಯೂಜೆನಾಲ್‌ನ ಪ್ರಕಟಿತ ಅಂಕಿಗಳನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಬಂದಿದ್ದಳು.

‘ಮೇಡಂ, ನಾಲ್ಕು ಕಡೆ ಕೂಡ್ತಾ ಇಲ್ಲ.’

‘ಎಷ್ಟು ವ್ಯತ್ಯಾಸ ಇದೆಯಮ್ಮ?’

‘ಒಂದರಲ್ಲಿ ಒಂದೂವರೆ ಪಿಪಿಎಂ.’

‘ಸಾಲ್ವೆಂಟ್ ಬೇರೆ ಇರಬಹುದು ನೋಡು.’

‘ಎರಡೂ ಡ್ಯೂಟರೇಟೆಡ್ ಕ್ಲೋರೋಫಾರ್ಮೇ ಮೇಡಂ. ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಸರಿ ಇದೆ.’

ಆ ಕೊನೆಯ ಮಾತಿಗೆ ನಾನು ಕನ್ನಡಕ ಹಾಕಿಕೊಂಡೆ. ನಮ್ಮ ಹತ್ತು ಗೆರೆಗಳು ಇವು: 145.5, 145.0, 137.7, 133.4, 119.8, 115.6, 114.7, 110.7, 56.0, 39.7. ಯೂಜೆನಾಲ್‌ನ ಹತ್ತು ಇವು: 146.4, 143.8, 137.8, 131.9, 121.1, 115.5, 114.2, 111.0, 55.8, 39.8. ಅಲೈಲ್‌ನ ಮೂರು ಕಾರ್ಬನ್ನೂ ಮೆಥಾಕ್ಸಿಯೂ ಕೂದಲೆಳೆಯಷ್ಟು ಆಚೀಚೆ. ಆದರೆ 131.9 ಇರಬೇಕಾದಲ್ಲಿ 133.4, 121.1 ಇರಬೇಕಾದಲ್ಲಿ 119.8. ಆಕ್ಸಿಜನ್ ಹೊತ್ತ ಎರಡು ಗೆರೆಗಳ ನಡುವೆ ಯೂಜೆನಾಲ್‌ನಲ್ಲಿ 2.6ರಷ್ಟು ಅಂತರ, ನಮ್ಮದರಲ್ಲಿ ಬರೀ 0.5. ರೆಫರೆನ್ಸ್ (ಅಳತೆಯ ಸೊನ್ನೆ ಗುರುತು) ತಪ್ಪಾಗಿದ್ದರೆ ಹತ್ತೂ ಗೆರೆ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಜರುಗಬೇಕು. ಇಲ್ಲಿ ಉಂಗುರದ ನಾಲ್ಕು ಕಾರ್ಬನ್ ಮಾತ್ರ, ಅದೂ ಎರಡು ಮೇಲಕ್ಕೆ ಎರಡು ಕೆಳಕ್ಕೆ ಹೋಗಿವೆ. ಇದು ಮೆಷಿನ್ನಿನ ತಪ್ಪಲ್ಲ. ಚೀಟಿಯ ಮೇಲೆ ಪ್ರಶ್ನಾರ್ಥಕ ಬಿದ್ದದ್ದು ಆ ಸಂಜೆ.

ಮೊದಲು ಪಠ್ಯಪುಸ್ತಕದ ದಾರಿ ಹಿಡಿದೆವು. ಬೆಂಜೀನ್‌ನ 128.5ಕ್ಕೆ ಪ್ರತಿ ಗುಂಪಿನ ಪರಿಣಾಮ ಕೂಡಿಸಿ ಕಳೆದು ಲೆಕ್ಕ ಹಾಕುವ ಟೇಬಲ್ ಇದೆಯಲ್ಲ, ಅದು. ಅಲೈಲ್ ಹೊತ್ತ ಕಾರ್ಬನ್ ನೋಡಿ. ಯೂಜೆನಾಲ್‌ನಲ್ಲಿ ಅದಕ್ಕೆ ಎದುರಿನ ಓಎಚ್‌ನಿಂದ ಮೈನಸ್ 7.3, ಒಂದು ಬಿಟ್ಟು ಒಂದರಲ್ಲಿರುವ ಮೆಥಾಕ್ಸಿಯಿಂದ ಪ್ಲಸ್ 1.0. ಒಟ್ಟು ಮೈನಸ್ 6.3. ಚಾವಿಬೆಟಾಲ್‌ನಲ್ಲಿ ಎದುರಿನ ಮೆಥಾಕ್ಸಿಯಿಂದ ಮೈನಸ್ 7.7, ಓಎಚ್‌ನಿಂದ ಪ್ಲಸ್ 1.4. ಒಟ್ಟು? ಅದೂ ಮೈನಸ್ 6.3! ಹುಡುಗಿ ನಗಲಾರಂಭಿಸಿದಳು. ಎಷ್ಟು ಸಲ ಕೂಡಿದರೂ ಅಷ್ಟೇ. ಪಕ್ಕಪಕ್ಕದ ಗುಂಪುಗಳು ಒಂದನ್ನೊಂದು ತಳ್ಳಾಡುವಾಗ ಈ ಟೇಬಲ್ ಹೇಗೂ ನಂಬಿಕೆಗೆ ಕಷ್ಟ, ಇಲ್ಲಂತೂ ಅದು ಬಾಯಿಯೇ ಬಿಡಲಿಲ್ಲ.

ಆಗ ಹೊಳೆದದ್ದು ಗ್ವಾಯಕಾಲ್. ನಮ್ಮ ಅಣುವಿನಿಂದ ಅಲೈಲ್ ಕಿತ್ತುಹಾಕಿದರೆ ಉಳಿಯುವುದು ಅದೇ, ಓಎಚ್ ಪಕ್ಕದಲ್ಲಿ ಮೆಥಾಕ್ಸಿ. ತಳ್ಳಾಟ ಎಲ್ಲ ಅದರ ಅಂಕಿಯಲ್ಲೇ ಅಡಗಿರುತ್ತದೆ. ಅದರಲ್ಲಿ ಓಎಚ್‌ಗೆ ಎದುರಿನ ಕಾರ್ಬನ್ ಸುಮಾರು 120, ಮೆಥಾಕ್ಸಿಗೆ ಎದುರಿನದು ಸುಮಾರು 121.4. ಅಲೈಲ್ ಬಂದು ಯಾವುದರ ಮೇಲೆ ಕೂತರೂ ಅದಕ್ಕೆ ಹನ್ನೆರಡರಷ್ಟು ಸೇರಿಸುತ್ತದೆ. 120ಕ್ಕೆ ಸೇರಿಸಿದರೆ 132, 121.4ಕ್ಕೆ ಸೇರಿಸಿದರೆ 133.4. ನಮ್ಮ ಗೆರೆ ಇದ್ದದ್ದು 133.4ರಲ್ಲಿ. ಅಂದರೆ ಅಲೈಲ್ ಕೂತಿರುವುದು ಮೆಥಾಕ್ಸಿಯ ಎದುರು. ಗೊತ್ತಿಲ್ಲದ್ದನ್ನು ಬಿಡಿಸುವಾಗ ಟೇಬಲ್‌ಗಿಂತ ಹತ್ತಿರದ ನೆಂಟ ಅಣುವೇ ವಾಸಿ ಅನ್ನುವುದು ನನ್ನ ಹಳೆಯ ಅಭಿಪ್ರಾಯ. ಆದರೂ 1.4 ಪಿಪಿಎಂ ನಂಬಿಕೊಂಡು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹೆಸರು ಬದಲಿಸಲು ಮನಸ್ಸು ಒಪ್ಪಲಿಲ್ಲ.

ಮುಂದಿನದು ಅತೀ ಸುಲಭದ, ಅತೀ ಅಗ್ಗದ ಪರೀಕ್ಷೆ. ಮೊದಲ ದಿನವೇ ಮಾಡಬೇಕಾಗಿದ್ದದ್ದು. ನಮ್ಮ ಸ್ಟೋರಿನಲ್ಲಿ ಯೂಜೆನಾಲ್‌ನ ಬಾಟಲಿ ಇತ್ತು. ನಮ್ಮ ಸ್ಯಾಂಪಲ್ ಇರುವ ಎನ್‌ಎಂಆರ್ ಟ್ಯೂಬಿಗೆ ಅದರಿಂದ ಒಂದಿಷ್ಟೇ ಇಷ್ಟು ಸೇರಿಸಿ ಮತ್ತೆ ಸ್ಪೆಕ್ಟ್ರಂ ತೆಗೆಯುವುದು. ಎರಡೂ ಒಂದೇ ವಸ್ತುವಾದರೆ ಹೊಸ ಪೀಕ್ ಹುಟ್ಟಬಾರದು, ಇದ್ದದ್ದೇ ಎತ್ತರವಾಗಬೇಕು. ಈ ಸಲ ಹುಡುಗಿ ತಾನೇ ಬಸ್ಸು ಹತ್ತಿ ಸ್ಯಾಂಪಲ್ ಒಯ್ದಳು. ಆಪರೇಟರ್ ಪಕ್ಕದಲ್ಲೇ ಕೂತು ನೋಡಿದಳು. ಮಧ್ಯಾಹ್ನ ಫೋನು ಬಂತು: ‘ಮೇಡಂ, ದೊಡ್ಡ ಪೀಕ್ ಬೆಳೀಲಿಲ್ಲ. ಚಿಕ್ಕದು ಬೆಳೀತು.’

ನನಗೆ ಮೊದಲು ಅರ್ಥವಾಗಲಿಲ್ಲ. ವಿಷಯ ಏನಪ್ಪಾ ಅಂದರೆ, ನಮ್ಮ ಮೊದಲ ಸ್ಪೆಕ್ಟ್ರಂನಲ್ಲೇ 6.85ರಲ್ಲಿ 8 ಹರ್ಟ್ಸ್‌ನ ಒಂದು ಪುಟ್ಟ ಡಬ್ಲೆಟ್ ಇತ್ತು, 5.50ರಲ್ಲಿ ಒಂದು ಗುಬುಟು. ಅವುಗಳ ಮೇಲೆ ನಾನೇ ಪೆನ್ನಿನಲ್ಲಿ ‘ಅಶುದ್ಧಿ’ ಅಂತ ಬರೆದಿದ್ದೆ. ಬಾಟಲಿಯ ಯೂಜೆನಾಲ್ ಹಾಕಿದಾಗ ಬೆಳೆದದ್ದು ಆ ಎರಡು. ಅಂದರೆ ನಮ್ಮ ಸೀಸೆಯಲ್ಲಿ ಯೂಜೆನಾಲ್ ಇತ್ತು, ಅಶುದ್ಧಿಯಾಗಿ! ಇಂಟಿಗ್ರೇಷನ್ (ಪೀಕ್‌ಗಳ ವಿಸ್ತೀರ್ಣದ ಲೆಕ್ಕ) ಪ್ರಕಾರ ಹನ್ನೆರಡರಲ್ಲಿ ಒಂದು ಪಾಲಿನಷ್ಟು. ಜಿಸಿಯಲ್ಲಿ ದೊಡ್ಡ ಪೀಕಿನ ಪಕ್ಕಕ್ಕೆ ಅಂಟಿಕೊಂಡಿದ್ದ ಉಬ್ಬೂ ಅದೇ ಇರಬೇಕು. ನಮ್ಮ ಕಾಲಂ ಇವೆರಡನ್ನು ಬೇರೆ ಮಾಡಿರಲಿಲ್ಲ, ಟಿಎಲ್‌ಸಿ ಒಂದೇ ಚುಕ್ಕೆ ತೋರಿಸಿ ಸುಮ್ನೆ ಕೂತಿತ್ತು.

ಮುಖ್ಯ ವಸ್ತು ಯೂಜೆನಾಲ್ ಅಲ್ಲ ಅನ್ನುವುದು ಇಲ್ಲಿಗೆ ಇತ್ಯರ್ಥ. ಅಲ್ಲ ಅಂತ ಹೇಳುವುದು ಬೇರೆ, ಇಂಥದ್ದೇ ಅಂತ ಹೇಳುವುದು ಬೇರೆ. ಚಾವಿಬೆಟಾಲ್ ಅನ್ನಲು ಮೆಥಾಕ್ಸಿಯ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ನೇರವಾಗಿ ನೋಡಬೇಕು. ಎಚ್‌ಎಂಬಿಸಿ (ಎರಡು ಮೂರು ಬಾಂಡ್ ದೂರದ ಹೈಡ್ರೋಜನ್ ಮತ್ತು ಕಾರ್ಬನ್‌ಗಳ ನಂಟು ತೋರಿಸುವ ಎನ್‌ಎಂಆರ್ ಪ್ರಯೋಗ) ಮಾಡಿಸಿದೆವು. ಮೆಥಾಕ್ಸಿಯ ಪ್ರೋಟಾನ್‌ಗಳು 145ರ ಕಾರ್ಬನ್‌ಗೆ ಚುಕ್ಕೆ ತೋರಿಸಿದವು. ಯಾವ 145? 145.0 ಮತ್ತು 145.5ರ ನಡುವಿನ ಅರ್ಧ ಪಿಪಿಎಂ ಆ ಪ್ರಯೋಗದ ಕಾರ್ಬನ್ ಅಕ್ಷದಲ್ಲಿ ಮಸುಕಾಗಿ ಹೋಗುತ್ತದೆ. ಯೂಜೆನಾಲ್ ಆಗಿದ್ದರೆ 2.6ರ ಅಂತರ ಇತ್ತು, ಚೆನ್ನಾಗಿ ಬಿಡಿಸಬಹುದಿತ್ತು. ಯಾವ ಗುಣ ಇದನ್ನು ಬೇರೆ ವಸ್ತು ಅಂತ ತೋರಿಸಿತೋ ಅದೇ ಗುಣ ಈಗ ಅಡ್ಡ ಬಂತು.

ಉಳಿದದ್ದು ಎನ್‌ಒಇ (ನ್ಯೂಕ್ಲಿಯರ್ ಓವರ್‌ಹೌಸರ್ ಎಫೆಕ್ಟ್). ಆಲ್ಬರ್ಟ್ ಓವರ್‌ಹೌಸರ್ 1953ರಲ್ಲಿ ಲೋಹಗಳ ಎಲೆಕ್ಟ್ರಾನ್‌ಗಳ ಬಗ್ಗೆ ಹೇಳಿದ ವಿಷಯದಿಂದ ಬೆಳೆದ ವಿದ್ಯೆ ಇದು, 1965ರ ಹೊತ್ತಿಗೆ ಆನೆಟ್ ಮತ್ತು ಬೋರ್ನ್ ಇದನ್ನು ಸಾವಯವ ಅಣುಗಳ ರಚನೆ ಬಿಡಿಸಲು ತಂದರು. ಬಾಂಡ್ ಇದೆಯೋ ಇಲ್ಲವೋ ಇದಕ್ಕೆ ಬೇಕಿಲ್ಲ, ಜಾಗದಲ್ಲಿ ಹತ್ತಿರ ಇದ್ದರೆ ಸಾಕು. ಮೆಥಾಕ್ಸಿಯನ್ನು ಕೆರಳಿಸಿದರೆ ಅದರ ಪಕ್ಕದ ಪ್ರೋಟಾನ್ ತಲೆ ಎತ್ತುತ್ತದೆ. ಯೂಜೆನಾಲ್‌ನಲ್ಲಿ ಮೆಥಾಕ್ಸಿಯ ಪಕ್ಕದಲ್ಲಿರುವುದು ಅಲೈಲ್ ಕಡೆಯ ಒಂಟಿ ಪ್ರೋಟಾನ್, 2 ಹರ್ಟ್ಸ್‌ನ ಕಿರಿದಾದ ಡಬ್ಲೆಟ್. ಚಾವಿಬೆಟಾಲ್‌ನಲ್ಲಿ ಇರುವುದು ಆಚೆ ಕಡೆಯದು, 8 ಹರ್ಟ್ಸ್‌ನ ಅಗಲ ಡಬ್ಲೆಟ್.

ತೊಡಕು ಏನಂದರೆ ನಮ್ಮ ಸ್ಪೆಕ್ಟ್ರಂನಲ್ಲಿ ಈ ಎರಡು ಡಬ್ಲೆಟ್‌ಗಳೇ ಒಂದರ ಮೇಲೊಂದು ಬಿದ್ದಿವೆ, 6.79 ಮತ್ತು 6.77. ‘6.78ರಲ್ಲಿ ಎನ್‌ಒಇ ಬಂತು’ ಅಂತ ಬರೆದರೆ ಅದು ಏನನ್ನೂ ಹೇಳಿದ ಹಾಗಾಗುವುದಿಲ್ಲ. ಆದರೆ ಒಂದು ಆಯಾಮದ ಸೆಲೆಕ್ಟಿವ್ ನೋಸಿಯಲ್ಲಿ (ಒಂದೇ ಪೀಕ್ ಕೆರಳಿಸಿ ಎನ್‌ಒಇ ನೋಡುವ ಪ್ರಯೋಗ) ಮಿಕ್ಕ ಪೀಕ್‌ಗಳೆಲ್ಲ ಅಳಿಸಿಹೋಗಿ ಎನ್‌ಒಇ ಪಡೆದದ್ದು ಮಾತ್ರ ಉಳಿಯುತ್ತದೆ, ಅದೂ ತನ್ನ ಸ್ವಂತ ಆಕಾರದಲ್ಲಿ. ಹಾಗಾಗಿ ಪೀಕ್ ಎಲ್ಲಿದೆ ಅಂತಲ್ಲ, ಹೇಗಿದೆ ಅಂತ ನೋಡಬೇಕು.

3.87ನ್ನು ಕೆರಳಿಸಿದ ಸ್ಪೆಕ್ಟ್ರಂ ನನ್ನ ಮುಂದೆಯೇ ಇದೆ. ಮೆಥಾಕ್ಸಿಯ ಪೀಕ್ ಕೆಳಮುಖವಾಗಿ ಉದ್ದಕ್ಕೆ ಇಳಿದಿದೆ. ಎಡಕ್ಕೆ ಉದ್ದಕ್ಕೂ ಸಪಾಟು ಗೆರೆ. 6.79ಕ್ಕೆ ಬಂದಾಗ ಎರಡು ಗೆರೆ ಮೇಲಕ್ಕೆ ಎದ್ದಿವೆ, ಎರಡೂ ಒಂದೇ ಎತ್ತರಕ್ಕೆ ಹತ್ತಿರ, ನಡುವೆ ಸ್ಪಷ್ಟವಾದ ಕಣಿವೆ. ಅಂತರ ಅಳೆದರೆ 8 ಹರ್ಟ್ಸ್ ಚಿಲ್ಲರೆ. ಆಮೇಲೆ 3.30ರ ಸಿಎಚ್2 ಅನ್ನು ಕೆರಳಿಸಿದರೆ 6.67ರದ್ದು ಎದ್ದಿತು, 6.77ರಲ್ಲಿ ಕಿರಿದಾದ ಜೋಡಿ ಎದ್ದಿತು, ಅಲೈಲ್‌ನ ಡಬಲ್ ಬಾಂಡ್ ಪ್ರೋಟಾನ್‌ಗಳೂ ಎದ್ದವು. ಅಗಲ ಡಬ್ಲೆಟ್ ಮಾತ್ರ ಮಲಗೇ ಇತ್ತು. ಎರಡೂ ಸ್ಪೆಕ್ಟ್ರಂ ಮೇಲೆ ಕೆಳಗೆ ಇಟ್ಟು ನೋಡಿದರೆ ಮತ್ತೆ ವಾದಕ್ಕೆ ಜಾಗವಿಲ್ಲ. ಮೆಥಾಕ್ಸಿ ಅಲೈಲ್‌ನ ಎದುರು, ಓಎಚ್ ಅದರ ಪಕ್ಕ. ಚಾವಿಬೆಟಾಲ್.

ಎಚ್‌ಎಸ್‌ಕ್ಯೂಸಿಯಲ್ಲೂ (ಯಾವ ಕಾರ್ಬನ್ನಿಗೆ ಯಾವ ಹೈಡ್ರೋಜನ್ ನೇರ ಅಂಟಿದೆ ಅಂತ ತೋರಿಸುವ ಪ್ರಯೋಗ) ಇದಕ್ಕೆ ಸುಳಿವಿತ್ತು. 110.7ರ ಚುಕ್ಕೆ ಅಡ್ಡಕ್ಕೆ ಕೊಂಚ ಅಗಲ, 114.7ರದ್ದು ಗಿಡ್ಡ. ಗ್ವಾಯಕಾಲ್‌ನಲ್ಲಿ ಮೆಥಾಕ್ಸಿಯ ಪಕ್ಕದ ಸಿಎಚ್ ಕೂಡ 110.7ರ ಹತ್ತಿರವೇ ಬರುತ್ತದೆ, ಓಎಚ್ ಪಕ್ಕದ್ದು 114.5ರ ಹತ್ತಿರ. ಅಗಲ ಡಬ್ಲೆಟ್ ಮೆಥಾಕ್ಸಿಯ ಪಕ್ಕದ್ದು ಅನ್ನುವುದಕ್ಕೆ ಇದೂ ಹೊಂದುತ್ತದೆ. ಇದನ್ನೇ ಮೊದಲು ನೋಡಿದ್ದರೆ ಬಸ್ ಚಾರ್ಜು ಉಳಿಯುತ್ತಿತ್ತೇನೋ. ಆದರೆ ಆ ಅಗಲ ಗಿಡ್ಡ ಅನ್ನುವುದು ಕಣ್ಣಳತೆಯ ಮಾತು, ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರ ಎದುರು ನಿಲ್ಲುವುದಿಲ್ಲ.

ಹಳೆಯ ಪ್ರಕಟಣೆಗಳನ್ನು ಆಮೇಲೆ ತೆಗೆದು ನೋಡಿದಾಗ ನಾಚಿಕೆಯಾಯಿತು. ವೀಳ್ಯದೆಲೆಯ ಎಣ್ಣೆಯಲ್ಲಿ ಇಂಥದ್ದೊಂದು ಫಿನಾಲ್ ಇದೆ ಅಂತ 19ನೇ ಶತಮಾನದ ಕೊನೆಯಲ್ಲೇ ಜರ್ಮನಿಯಲ್ಲಿ ಕಂಡುಕೊಂಡು ಅದನ್ನು ಬೀಟೆಲ್ ಫಿನಾಲ್ ಅಂತಲೇ ಕರೆದಿದ್ದರು. ಚಾವಿಬೆಟಾಲ್ ಅನ್ನುವ ಹೆಸರಿನಲ್ಲೇ ಬೀಟೆಲ್ ಇದೆ, ಕಣ್ಣಿಗೆ ಬೀಳಲಿಲ್ಲ ಅಷ್ಟೆ. ಎಲ್ಲ ಎಲೆಯಲ್ಲೂ ಇದೇ ಜಾಸ್ತಿ ಇರುತ್ತದೆ ಅಂತಲ್ಲ. ಎಲೆಯ ಜಾತಿ ಮತ್ತು ಬೆಳೆದ ಜಾಗ ಬದಲಾದರೆ ಎಣ್ಣೆಯೂ ಬದಲಾಗುತ್ತದೆ. ಕೆಲವದರಲ್ಲಿ ಯೂಜೆನಾಲ್ ಮುಂದು, ಕೆಲವದರಲ್ಲಿ ಚಾವಿಬೆಟಾಲ್, ಶ್ರೀಲಂಕಾದ ಎಲೆಗಳಲ್ಲಿ ಸಾಫ್ರೋಲ್ ಅನ್ನುವ ಇನ್ನೊಂದು ವಸ್ತು ಜಾಸ್ತಿ ಸಿಕ್ಕ ವರದಿಗಳಿವೆ. ಹಾಗಾಗಿ ಜಿಸಿ-ಎಂಎಸ್ ಲೈಬ್ರರಿಯನ್ನಷ್ಟೇ ನಂಬಿ ‘ವೀಳ್ಯದೆಲೆಯಲ್ಲಿ ಇಷ್ಟು ಶೇಕಡಾ ಯೂಜೆನಾಲ್’ ಅಂತ ಬರೆದ ಪ್ರಬಂಧ ಕಂಡರೆ ನಾನು ಈಗ ಅಸಲಿ ವಸ್ತು ಜೊತೆಗಿಟ್ಟು ಹೋಲಿಸಿದ್ದಾರಾ ಅಂತ ಮೊದಲು ಹುಡುಕುತ್ತೇನೆ.

ರೆಕಾರ್ಡಿನಲ್ಲಿ ಸಹಿ ಹಾಕಿದ್ದ ಪುಟವನ್ನು ಹರಿಯಲು ನಾನು ಬಿಡಲಿಲ್ಲ. ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ ಇನ್ನೊಂದು ಸಹಿ ಹಾಕಿದೆ. ಹುಡುಗಿ ಮತ್ತೆ ಕಾಲಂ ಹಾಕಿದ್ದಾಳೆ, ಈ ಸಲ ಉದ್ದನೆಯದು, ಸಾಲ್ವೆಂಟ್ ನಿಧಾನಕ್ಕೆ ಏರಿಸುತ್ತಾ. ಹನ್ನೆರಡರಲ್ಲಿ ಒಂದು ಪಾಲಿದ್ದ ಯೂಜೆನಾಲ್ ಈಗ ಇಪ್ಪತ್ತೈದರಲ್ಲಿ ಒಂದಕ್ಕೆ ಇಳಿದಿದೆ. 6.85ರ ಆ ಪುಟ್ಟ ಡಬ್ಲೆಟ್ ಇನ್ನೂ ಕಾಣುತ್ತಿದೆ.